ನಲವತ್ತೇಳನೇ ನಂಬರಿನ ಕಲ್ಲು ಹೇಳಿದ್ದು

ಆಂಧ್ರದ ಕರ್ನೂಲು ಜಿಲ್ಲೆಯ ಹೊಳಗುಂದದ ಸುತ್ತ ಈಚೆಗೆ ಹೊಲ ಕಾಣುವುದಿಲ್ಲ, ಆರ್ಚ್ ಕಾಣುತ್ತದೆ. ಆರ್ಚಿನ ಮೇಲೆ ಯಾವುದೋ ದೇವರ ಹೆಸರಿನ ‘ಟೌನ್‌ಶಿಪ್’, ಕೆಳಗೆ ಗರಸು ಹಾಕಿದ ರಸ್ತೆ, ರಸ್ತೆಯ ಆಚೀಚೆ ಜಾಲಿ, ಜಾಲಿಯ ನಡುವೆ ಸಾಲಾಗಿ ಕಲ್ಲು. ಊರಿನ ಅರ್ಧ ಜನ ಪ್ಲಾಟು ಕೊಳ್ಳಲೋ ಬೇಡವೋ ಎಂದು ತಲೆ ಕೆಡಿಸಿಕೊಂಡಿದ್ದಾರೆ. ಉಳಿದರ್ಧ ಕೊಂಡು ತಲೆ ಕೆಡಿಸಿಕೊಂಡಿದ್ದಾರೆ. ಬ್ರೋಕರನನ್ನು ಕೇಳಿದರೆ ‘ಇವತ್ತೇ ಟೋಕನ್ ಕೊಡಿ’ ಅನ್ನುತ್ತಾನೆ. ಬ್ಯಾಂಕಿನವರು ‘ಬಡ್ಡಿ ಇಳಿದಿದೆ’ ಅನ್ನುತ್ತಾರೆ. ಮಾವನವರು ‘ನಮ್ಮ ಕಾಲದಲ್ಲಿ ಎಕರೆಗೆ...’ ಎಂದು ಶುರು ಮಾಡುತ್ತಾರೆ. ಇವರೆಲ್ಲರನ್ನೂ ಬಿಟ್ಟು, ಬಂದು ಹೋದ ಗಿರಾಕಿಗಳನ್ನೆಲ್ಲ ನಿಂತಲ್ಲೇ ನೋಡಿದ ಒಬ್ಬರನ್ನು ಕೇಳೋಣ ಎಂದು ಪ್ಲಾಟ್ ಕಲ್ಲೊಂದನ್ನು ಮಾತಾಡಿಸಿದೆವು.

ನಾವು: ನಮಸ್ಕಾರ ಕಲ್ಲಪ್ಪನವರೇ. ಹೇಗಿದೆ ಮಾರ್ಕೆಟ್ಟು?

ಕಲ್ಲು: ಮಾರ್ಕೆಟ್ಟು ಆಮ್ಯಾಲೆ. ಮೊದಲು ನನ್ನ ಮುಖ ನೋಡ್ರಿ. ಏನ್ ಬರದೈತಿ?

ನಾವು: 7.

ಕಲ್ಲು: 47 ಅದು! ನಾಕು ಅಳಿಸಿ ಹೋಗೈತಿ. ಒಂದ್ಸಲ ನೀಲಿ ಬಣ್ಣ ಬಳದು ಹೋದವ್ರು ತಿರುಗಿ ಬಂದಿಲ್ಲ. ಅಲ್ಲಿ ಬದುವಿನ ಮ್ಯಾಲೆ ಒಬ್ಬ ನಿಂತಾನ ನೋಡ್ರಿ, ಭೂರಕ್ಷಾ ಕಲ್ಲು. 2020ರಾಗ ಸರ್ಕಾರ ಸರ್ವೇ ಶುರು ಮಾಡಿತಲ್ಲ, ಆಮ್ಯಾಲೆ ಬಂದವ. ಗ್ರಾನೈಟ್ ಮೈ, ಪಾಲಿಶು, ಎದೀ ಮ್ಯಾಲೆ ಮುಖ್ಯಮಂತ್ರಿ ಹೆಸರು. ನಾನೂ ಕಲ್ಲು, ಅವನೂ ಕಲ್ಲು. ಅವನಿಗೆ ಮುಖ್ಯಮಂತ್ರಿ, ನನಗ ಅರ್ಧ ನಂಬರು!

ನಾವು: ಆದರೆ ಸರ್ಕಾರ ಬದಲಾದ ಮೇಲೆ ಅವರ ಗತಿ...

ಕಲ್ಲು: ಅದಾ ನಾನೂ ಹೇಳೋದು! ಅಂಥಾವು 77 ಲಕ್ಷ ಅದಾವಂತ 2024ರಾಗ ಹೊಸಾ ಸರ್ಕಾರ ಲೆಕ್ಕ ಕೊಟ್ಟಿತು. ಮುಖ ಅಳಿಸಾಕೂ ಅವುಗಳ ಬಗ್ಗೆ ಮೀಟಿಂಗ್ ಆಗ್ತಾವ. ನನ್ನ ನಾಕು ಅಳಿಸಿದ್ದಕ್ಕ ಯಾವ ಕ್ಯಾಬಿನೆಟ್ ಕೂತೈತಿ?

ನಾವು: ನಿಮ್ಮ ಪ್ಲಾಟಿಗೆ ನೀರಿನ ಲೈನ್ ಇನ್ನೂ ಬಂದಿಲ್ಲವಂತೆ. ಕರೆಂಟು ಕಂಬವೂ...

ಕಲ್ಲು: ಇಲ್ಲ. ಅದಿರ್ಲಿ. ಗ್ರಾನೈಟಿನ ಅಂಚು ನೋಡೀರೇನು, ಮಷೀನಿನ್ಯಾಗ ಕೊಯ್ದದ್ದು. ನಾನು ಬೇತಂಚೆರ್ಲ ಕಡೆಯ ಬಂಡಿ. ನಮ್ಮ ಜಾತಿ ಕಲ್ಲು ಮಂದಿ ಮನೀ ನೆಲಕ್ಕೆಲ್ಲ ಹಾಸ್ಯಾರ. ನನ್ನ ಮಾತ್ರ ತಂದು ಎರೀ ಹೊಲದಾಗ ಹುಗುದು ಹೋಗ್ಯಾರ.

ನಾವು: ನೆಲದ ಮಾತು ತೆಗೆದಿರಿ, ಒಳ್ಳೆಯದಾಯಿತು. ನೆಲಕ್ಕಿಂತ ನಮಗೆ ಮಾಳಿಗೆ ಮುಖ್ಯ. ನಿಮ್ಮ ಪ್ಲಾಟಿನಲ್ಲಿ ಯಾರಾದರೂ ಮನೆ ಕಟ್ಟಿದರೆ ಮಾಳಿಗೆ ಯಾವುದು ಹಾಕಬೇಕು ಅಂತೀರಿ? ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಮಣ್ಣು, ಕೊನೆಗೆ ಮಳೆಗಾಲಕ್ಕೆ ಮುಂಚೆ ಒಂದು ಪದರ ಸವುಳು ಮಣ್ಣು. ಮಧ್ಯೆ ಬೆಳಕಿಗೆ ಗವಾಕ್ಷಿ. ಏಪ್ರಿಲ್ ಬಿಸಿಲಿಗೂ ಒಳಗೆ ತಣ್ಣಗೆ. ಈಗಿನ ಆರ್‌ಸಿಸಿ ನೋಡಿ, ರಾತ್ರಿ ಹನ್ನೆರಡಕ್ಕೂ ಬಿಸಿ ಉಗುಳುತ್ತದೆ. ಅದರ ಮೇಲೆ ಏಸಿ, ಏಸಿ ಮೇಲೆ ಕರೆಂಟ್ ಬಿಲ್ಲು...

ಕಲ್ಲು: ನೀವು ನನ್ನ ಸಂದರ್ಶನ ಮಾಡಾಕ ಬಂದೀರೋ, ನಿಮ್ಮದಾ ಮಾಡ್ಕೊಳ್ಳಾಕತ್ತೀರೋ?

ನಾವು: ಕ್ಷಮಿಸಿ. ನೀವು ಇಲ್ಲಿಗೆ ಬಂದದ್ದು ಯಾವಾಗ?

ಕಲ್ಲು: ಮೂರು ರಾಜಧಾನಿ ಹಂಗಾಮಿನ್ಯಾಗ. 2019ರ ಡಿಸೆಂಬರಿನ್ಯಾಗ ಕರ್ನೂಲು ನ್ಯಾಯ ರಾಜಧಾನಿ ಅಂದ್ರಲ್ಲ, ಮರು ವರ್ಷಾನ ನನ್ನ ಹುಗುದ್ರು. ಬ್ರೋಕರ್ ಬಂದವರಿಗೆಲ್ಲ ಹೇಳಿದ್ದು ನನಗ ಬಾಯಿಪಾಠ ಐತಿ: ‘ಹೈಕೋರ್ಟ್ ಕರ್ನೂಲಿಗೆ ಬರ್ತೈತಿ, ಅಲ್ಲಿ ಜಾಗ ಸಾಲಲ್ಲ, ಲಾಯರ್‌ಗಳೆಲ್ಲ ಈ ಕಡೀಗೆ ಮನೀ ಮಾಡ್ತಾರ.’ ಹೊಳಗುಂದದಾಗ ಮನೀ ಮಾಡಿ ದಿನಾ ಕರ್ನೂಲಿಗೆ ಹೋಗಿ ವಾದಾ ಮಾಡೋ ಲಾಯರು ಯಾವನಣ್ಣಾ? 2021ರಾಗ ಮೂರು ರಾಜಧಾನಿ ಕಾನೂನು ವಾಪಸ್ ತಗೊಂಡ್ರು, ಮರು ವರ್ಷ ಮಾರ್ಚಿನ್ಯಾಗ ಹೈಕೋರ್ಟಾ ರಾಜಧಾನಿ ಅಮರಾವತಿ ಅಂತು. ಬ್ರೋಕರ್ ಒಂದು ವಾರ ಸುಮ್ನಿದ್ದ. ಆಮ್ಯಾಲೆ ‘ಆದೋನಿ ಜಿಲ್ಲಾ ಆಗ್ತೈತಿ’ ಅಂದ. ಏಪ್ರಿಲ್ 4ಕ್ಕ 13 ಇದ್ದವು 26 ಜಿಲ್ಲಾ ಆದವು. ನಂದ್ಯಾಲಕ್ಕ ಬಂತು, ಆದೋನಿಗೆ ಬರಲಿಲ್ಲ. ಈಗ ‘ಕರ್ನೂಲಿಗೆ ಹೈಕೋರ್ಟ್ ಬೆಂಚು’ ಅಂತಾನ. ಕೋರ್ಟು ಹೋಗಿ ಬೆಂಚಿಗೆ ಇಳಿದೈತಿ, ನನ್ನ ರೇಟು ಮಾತ್ರ ಇಳಿದಿಲ್ಲ.

ನಾವು: ಅದೇ ನಮ್ಮ ಪ್ರಶ್ನೆ. ಕೊಳ್ಳುವವರೇ ಇಲ್ಲ ಅಂದ ಮೇಲೆ ರೇಟು ಯಾಕೆ ಇಳಿಯುವುದಿಲ್ಲ?

ಕಲ್ಲು: ಹತ್ತಿ ತಂದವ ಆದೋನಿ ಯಾರ್ಡಿನ್ಯಾಗ ಸಂಜೀತನಕ ಕಾಯ್ತಾನ, ಆಮ್ಯಾಲೆ ಕೊಟ್ಟಾ ಹೋಗ್ತಾನ. ಮಳಿ ಬಂದ್ರ ತೋಯ್ತೈತಿ, ಲಾರಿ ಬಾಡಿಗೆ ಏರ್ತೈತಿ. ನನ್ನ ಯಜಮಾನಗ ಏನ್ ಅವಸರ? ನಾನು ತೋಯಲ್ಲ, ಕೊಳೆಯಲ್ಲ, ಮೇವು ಕೇಳಲ್ಲ. ಅದಕ್ಕ ಅವ ರೇಟು ಇಳಿಸಲ್ಲ, ‘ಸದ್ಯ ಮಾರಲ್ಲ’ ಅಂತಾನ. ಹೇಳೋ ರೇಟು ಹಂಗಾ ನಿಂತಿರ್ತೈತಿ, ರೊಕ್ಕ ಎಣಿಸೋ ರೇಟು ಯಾರಿಗೂ ಗೊತ್ತಾಗಲ್ಲ. ಯಾಕಂದ್ರ ಯಾರೂ ಎಣಿಸಿಲ್ಲ. ನೀವು ‘ಪ್ಲಾಟಿಗೆ ಇಷ್ಟು ನಡೀತೈತಿ’ ಅಂತೀರಲ್ಲ, ಅದು ನಡದದ್ದಲ್ಲ, ಹೇಳಿದ್ದು.

ನಾವು: ಆದರೆ ಬಡ್ಡಿ ಇಳಿದಿದೆಯಲ್ಲ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು 6.5ರಿಂದ 5.5ಕ್ಕೆ ತಂದಿತು. ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅಂದ ಹಾಗೆ, ಸವುಳು ಮಣ್ಣಿಗೆ ಯಾರೂ ಜಿಎಸ್‌ಟಿ ಬಿಲ್ ಕೇಳುವುದಿಲ್ಲ.

ಕಲ್ಲು: ಮತ್ತ ಶುರು ಆತು. ಕೇಳ್ರಿ ಇಲ್ಲಿ. ಬಡ್ಡಿ ಇಳಿದ್ರ ಲಾಭ ಸಂಬಳದ ಚೀಟಿ ಇರೋರಿಗೆ. ಇಲ್ಲಿ ಪ್ಲಾಟ್ ತಗೊಳ್ಳೋ ರೊಕ್ಕ ಬರೋದು ಹತ್ತಿ, ಉಳ್ಳಾಗಡ್ಡಿ, ಕಾಲುವಿ ನೀರಿಂದ. ಒಂದೊಂದಾ ಲೆಕ್ಕ ಹಾಕ್ರಿ. 2025ರ ಆಗಸ್ಟಿನ್ಯಾಗ ಹೊರಗಿಂದ ಬರೋ ಹತ್ತಿ ಮ್ಯಾಲಿನ ಸುಂಕ 11 ಪರ್ಸೆಂಟ್ ತೆಗದ್ರು, ಆಮ್ಯಾಲೆ ಡಿಸೆಂಬರ್ ಮುಗಿಯೋತನಕ ಮುಂದುವರಿಸಿದ್ರು. ನಮ್ಮ ಹತ್ತಿ ಬಿಡಿಸೋದು ಅದಾ ತಿಂಗಳುಗಳಾಗ! ಉಳ್ಳಾಗಡ್ಡಿ ರೇಟು ಹಂಗಾ ಬಿದ್ದು, ಕರ್ನೂಲು ಮಾರ್ಕೆಟ್ಟಿನ್ಯಾಗ ಸರ್ಕಾರಾನ ಕ್ವಿಂಟಲಿಗೆ 1200 ಕೊಟ್ಟು ತಗೊಳ್ಳಾಕ ಇಳೀತು. ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರ ಆಗಸ್ಟಿನ್ಯಾಗ ಕೊಚ್ಚಿ ಹೋತು. ಗೇಟು ಬದಲಿ ಮಾಡಬೇಕಂತ 2025-26ಕ್ಕ ಎರಡನೇ ಬೆಳೀಗೆ ನೀರಿಲ್ಲ ಅಂದ್ರು. ಆ ಡ್ಯಾಮಿನ ಎಲ್‌ಎಲ್‌ಸಿ ಕಾಲುವಿಗೆ ನೀರಿಲ್ಲದ ವರ್ಷ ನನ್ನ ಹತ್ರ ಗಿರಾಕಿ ಯಾಕ ಬರ್ತಾನ? ಟಿವಿಯಾಗ ಬೆಂಗಳೂರು, ಹೈದ್ರಾಬಾದಿನ ಫ್ಲಾಟ್ ಸುದ್ದಿ ನೋಡಿ ‘ಮಾರ್ಕೆಟ್ ಸ್ಲೋ’ ಅಂತೀರಿ. ನಮ್ಮ ಮಾರ್ಕೆಟ್ಟು ಡ್ಯಾಮಿನ ಗೇಟಿನ್ಯಾಗ ಐತಿ.

ನಾವು: ದೇವರಗಟ್ಟಿನ ಮಾಳ ಮಲ್ಲೇಶ್ವರ ಜಾತ್ರೆಯ ಕಾರ್ಣಿಕದಲ್ಲಿ ಹತ್ತಿ, ಜೋಳದ ರೇಟು ಹೇಳುತ್ತಾರಲ್ಲ. ಪ್ಲಾಟಿನ ರೇಟೂ ಹೇಳಿಸಿದರೆ?

ಕಲ್ಲು: ಮಾಳ ಮಲ್ಲೇಶ್ವರ ಸ್ವಾಮಿ ಬುದ್ಧಿವಂತ. ಬೆಳೆಯೋದರ ರೇಟು ಹೇಳ್ತಾನ, ನಿಂತಿರೋದರ ಸುದ್ದಿಗೆ ಬರಲ್ಲ.

ನಾವು: ರಿಜಿಸ್ಟ್ರೇಷನ್ ಖರ್ಚು?

ಕಲ್ಲು: ಸ್ಟಾಂಪು 5, ಟ್ರಾನ್ಸ್‌ಫರ್ ಒಂದೂವರೆ, ಫೀಜು 1. ನೂರಕ್ಕ ಏಳೂವರಿ ಕೊಂಡ ದಿನಾನ ಹೋತು. ಅಂದ್ರ ನಿಮಗ ಅಸಲು ಹುಟ್ಟಾಕಾನ ರೇಟು ಅಷ್ಟು ಏರಬೇಕು. ಕೊಳ್ಳೋರಿಲ್ಲದಿದ್ರೂ 2025ರ ಫೆಬ್ರವರಿ 1ರಿಂದ ರಾಜ್ಯದಾಗ ಬಾಳ ಕಡೆ ಸರ್ಕಾರಿ ಬೆಲೆ ಏರಿಸ್ಯಾರ. ಇನ್ನ ಈ ನೆಲ. ಎರೀ ಭೂಮಿ ಇದು. ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರೀತೈತಿ, ಮಳಿ ಬಿದ್ರ ಉಬ್ತೈತಿ. ನಾನು ಹಿಂಗ ವಾಲಿ ನಿಂತಿರೋದು ಕುಡಿದಲ್ಲ. ಗಟ್ಟಿ ನೆಲ ಸಿಗೋತನಕ ಅಗದು ಪುನಾದಿ ಹಾಕದಿದ್ರ ನಿಮ್ಮ ಗೋಡೀನೂ ಹಿಂಗಾ ನಿಲ್ತಾವ. ಆ ಖರ್ಚು ಬ್ರೋಷರಿನ್ಯಾಗ ಇರಲ್ಲ. ಗ್ರಾನೈಟಿನವಗ ಆದ್ರ ಸುತ್ತಾ ಕಾಂಕ್ರೀಟ್...

ನಾವು: ಮಣ್ಣಿನ ಮಾಳಿಗೆ ಮನೆಗಳ ಗೋಡೆಗಳು ಎರಡಡಿ ದಪ್ಪ ಇರುತ್ತಿದ್ದವು. ಅವು ಬಿರುಕು ಬಿಟ್ಟರೂ ಮೆತ್ತಿಕೊಳ್ಳಬಹುದಿತ್ತು. ಆ ಕೆಲಸ ಬಲ್ಲ ಮಂದಿ ಈಗ ಊರಲ್ಲಿ ಎಲ್ಲಿದ್ದಾರೆ?

ಕಲ್ಲು: ಇದೊಂದು ಪ್ರಶ್ನೆ ಚಲೋ ಕೇಳಿದ್ರಿ. ಬೆಂಗಳೂರಿನ್ಯಾಗ ಅದಾರ. ಆರ್‌ಸಿಸಿ ಹಾಕಾಕತ್ಯಾರ.

ಇಲ್ಲಿ ತಮಾಷೆ ಸ್ವಲ್ಪ ನಿಲ್ಲಲಿ. ಹೊಳಗುಂದ, ಕೌತಾಳಂ, ಕೋಸಿಗಿ, ಪೆದ್ದಕಡಬೂರು: ಈ ಕಡೆಯ ಊರುಗಳಲ್ಲಿ ಹೊಲದ ಕೆಲಸ ಮುಗಿದ ಮೇಲೆ ಓಣಿಗೆ ಓಣಿಯೇ ಬೀಗ. ಮಕ್ಕಳನ್ನೂ ಶಾಲೆ ಬಿಡಿಸಿ ಕರೆದುಕೊಂಡು ಒಂದಷ್ಟು ಜನ ಗುಂಟೂರಿನ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಒಂದಷ್ಟು ಜನ ಬೆಂಗಳೂರಿನ ಕಟ್ಟಡಗಳಿಗೆ. ಅಲ್ಲಿ ಇಪ್ಪತ್ತು ಅಂತಸ್ತು ಎಬ್ಬಿಸುವವರು ಮಲಗುವುದು ಅದರ ಬುಡದ ತಗಡಿನ ಶೆಡ್ಡಿನಲ್ಲಿ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲೋ ಹತ್ತಿರದಲ್ಲೋ ಅಡುಗೆಮನೆ, ಬಚ್ಚಲು, ಕಕ್ಕಸು ಇರುವ ವಸತಿಯನ್ನು ಪುಕ್ಕಟೆ ಕೊಡಬೇಕು ಎಂದು 1996ರ ಕಾನೂನಿನ 34ನೇ ಕಲಮು ಹೇಳಿತ್ತು. ಮೂವತ್ತು ವರ್ಷವಾಗುತ್ತ ಬಂತು. ಆ ಶೆಡ್ಡುಗಳೊಳಗೆ ಒಮ್ಮೆ ಬಗ್ಗಿ ನೋಡಿದವರಿಗೆ ಈ ಕಲಮು ಓದಿದರೆ ಮೈ ಉರಿಯುತ್ತದೆ.

ಅದೇ ಮನುಷ್ಯನಿಗೆ ಊರಲ್ಲಿ ಏನಿದೆ? 2020ರ ಡಿಸೆಂಬರ್ 25ರಿಂದ ರಾಜ್ಯ ಸರ್ಕಾರ ಪಟ್ಟಾ ಹಂಚಿತು. ಹಳ್ಳಿಯವರಿಗೆ ಒಂದೂವರೆ ಸೆಂಟು, ಅಂದರೆ 653 ಚದರಡಿ. ಮನೆಗೆ 1.80 ಲಕ್ಷ, ಅದೂ ಹಂತ ಹಂತವಾಗಿ: ಪುನಾದಿ ತೋರಿಸಿದರೆ ಇಷ್ಟು, ಗೋಡೆ ತೋರಿಸಿದರೆ ಇಷ್ಟು. ಪುನಾದಿ ಹಾಕಲು ಕೈಯಲ್ಲಿ ರೊಕ್ಕ ಬೇಕು, ರೊಕ್ಕಕ್ಕೆ ವಲಸೆ ಹೋಗಬೇಕು, ವಲಸೆ ಹೋದರೆ ಪುನಾದಿ ತೋರಿಸಲು ಊರಲ್ಲಿ ಯಾರೂ ಇಲ್ಲ. ಸರ್ಕಾರ ಬದಲಾಯಿತು, ಮೂರು ಸೆಂಟು ಕೊಡುತ್ತೇವೆ ಎಂಬ ಮಾತು ಬಂತು. ಮಾತಿಗೆ ಛಾವಣಿ ಇಲ್ಲ. ಮನೆ ಕಟ್ಟಬಲ್ಲವನಿಗೆ ಮನೆ ಇಲ್ಲ. ಎರಡು ಮನೆ ಇರುವವರು ಮೂರನೆಯದಕ್ಕೆ ಎಕರೆಗಟ್ಟಲೆ ಎರೆ ಭೂಮಿಯನ್ನು ಹದಗೆಡಿಸಿ ಕಲ್ಲು ಹುಗಿದು, ‘ಮಾರ್ಕೆಟ್ ಸ್ಲೋ ಆಗಿದೆ’ ಎಂದು ನಿಟ್ಟುಸಿರು ಬಿಡುತ್ತಾರೆ. ಜೋಳ ಬೆಳೆಯುತ್ತಿದ್ದ ನೆಲ ಅದು. ಈಗ ಅಲ್ಲಿ ಜೋಳವೂ ಇಲ್ಲ, ಮನೆಯೂ ಇಲ್ಲ. ಇದನ್ನು ವ್ಯಾಪಾರ ಮಂದವಾಗಿದೆ ಅನ್ನುವುದು ನಾಚಿಕೆಗೇಡು.

ಕಲ್ಲು: ಮುಗೀತೇನು? ಇಷ್ಟು ಸಿಟ್ಟು ಇದ್ದವ್ರು ಮತ್ತ ನನ್ನ ರೇಟು ಯಾಕ ಕೇಳಾಕ ಬಂದ್ರಿ?

ನಾವು: ಅದು... ಮನೆಯಲ್ಲಿ ಹೇಳಿದ್ದರು, ಸುಮ್ಮನೆ ವಿಚಾರಿಸಿಕೊಂಡು ಬನ್ನಿ ಅಂತ.

ಕಲ್ಲು: ಎಲ್ಲರೂ ಸುಮ್ನಾ ವಿಚಾರಿಸಾಕಾ ಬರೋದು. ವಿಚಾರಿಸೋದಾದ್ರ ಸರಿಯಾಗಿ ವಿಚಾರಿಸ್ರಿ. ಲೇಔಟಿಗೆ ಎಲ್‌ಪಿ (ಲೇಔಟ್ ಪರ್ಮಿಟ್) ನಂಬರ್ ಐತೇನು? 500 ಚದರ ಮೀಟರ್ ದಾಟಿದ ಲೇಔಟ್ ರೇರಾದಾಗ ರಿಜಿಸ್ಟರ್ ಆಗಬೇಕು, ಆಗೈತೇನು? ಸರ್ವೇ ನಂಬರು 22-ಎ ನಿಷೇಧ ಪಟ್ಟಿಯಾಗ ಬಿದ್ದೈತೇನು? ಬಿದ್ದಿದ್ರ ರಿಜಿಸ್ಟ್ರೇಷನ್ನಾ ಆಗಲ್ಲ. ಲಿಂಕ್ ಡಾಕ್ಯುಮೆಂಟು, ಇಸಿ ಕೇಳ್ರಿ. ಆಮ್ಯಾಲೆ ಊರೊಳಗ ಅಂಥಾ ಮನೀ ಬಾಡಿಗೆ ಎಷ್ಟೈತಿ ಕೇಳ್ರಿ. ಇಪ್ಪತ್ತು ವರ್ಷದ ಬಾಡಿಗೆ ಕೂಡಿಸಿದ್ರೂ ಪ್ಲಾಟು, ಪುನಾದಿ, ಗೋಡಿ ಖರ್ಚಿನ ಹತ್ರ ಬರದಿದ್ರ, ಬಾಡಿಗ್ಯಾಗ ಇದ್ದು ಹಾಯಾಗಿ ನಿದ್ದಿ ಮಾಡ್ರಿ.

ನಾವು: ಇಲ್ಲವೇ ಅಪ್ಪನ ಕಾಲದ ಮನೆಗೆ ನಾಲ್ಕು ಜಂತಿ ಬದಲಿಸಿ, ಸವುಳು ಮಣ್ಣು ಹಾಕಿಸಿ...

ಕಲ್ಲು: ಹಾಕಿಸ್ರಿ ಮಾರಾಯರಾ, ಅದರಾಗಾದ್ರೂ ಯಾರೋ ಒಬ್ಬಗ ಊರಾಗ ಕೂಲಿ ಸಿಗ್ತೈತಿ.

ನಾವು: ಹಾಗಾದರೆ ಪ್ಲಾಟು ಕೊಳ್ಳಲೇಬಾರದು ಅಂತೀರಾ?

ಕಲ್ಲು: ಹಂಗಂದಿಲ್ಲ. ಇಲ್ಲೇ ಇರ್ತೀನಿ, ಮಕ್ಕಳು ಇಲ್ಲೇ ಓದ್ತಾರ, ಕೈಯಾಗಿನ ರೊಕ್ಕ ಸಾಲದ್ದಲ್ಲ ಅಂದ್ರ ತಗೊಳ್ರಿ. ಹೇಳಿದ ರೇಟಿಗಿಂತ ಬಾಳ ಕೆಳಗ ಕೇಳ್ರಿ, ಬೈದ್ರ ಬೈಸ್ಕೊಳ್ರಿ. ಒಂದು ಹತ್ತಿ ಹಂಗಾಮು ಕಾದು ಮತ್ತ ಅದಾ ರೇಟು ಕೇಳ್ರಿ. ಆದ್ರ ಹೆಚ್ಚಿನ ರೇಟಿಗೆ ಮಾರ್ತೀನಿ ಅಂತ ತಗೊಂಡ್ರ, ಹೈಕೋರ್ಟು, ಜಿಲ್ಲಾ, ಬೆಂಚು ಎಲ್ಲಾನೂ ನಂಬೋ ಇನ್ನೊಬ್ಬನ್ನ ಹುಡುಕಬೇಕಾಗ್ತೈತಿ. ನಾನು ಬಂದಾಗಿಂದ ನೋಡಾಕತ್ತೀನಿ. ಅಂಥವ್ರೆಲ್ಲ ಆಗಲೇ ಒಂದೊಂದು ಪ್ಲಾಟು ತಗೊಂಡಾರ. ಉಳದವ್ರು ನೀವೊಬ್ಬರಾ.