ಇಂಥ ಚುರುಕು ಸರ್ಕಾರ ನಮಗಿಲ್ಲ

ಸುಝಾನ್ ಕಾಲಿನ್ಸ್ 2008ರಲ್ಲಿ ಬರೆದ ‘ದಿ ಹಂಗರ್ ಗೇಮ್ಸ್’ ಕಾದಂಬರಿಯನ್ನು ಲೋಕವೆಲ್ಲ ಭೀಕರ ಭವಿಷ್ಯದ ಕಥೆ ಎಂದು ಓದಿ ಬೆಚ್ಚುತ್ತದೆ. ತಮಿಳುನಾಡಿನೊಳಗಿನ ಕನ್ನಡದ ಗಡಿನಾಡು ತಾಳವಾಡಿಯ ಬೆಟ್ಟದ ಮೇಲೆ ಕೂತು ಓದಿದರೆ ಹೊಟ್ಟೆಕಿಚ್ಚಾಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಪನೆಮ್ ಎಂಬ ದೇಶ. ಮೆರೆಯುವುದಕ್ಕೆ ಒಂದು ರಾಜಧಾನಿ, ದುಡಿಯುವುದಕ್ಕೆ ಹನ್ನೆರಡು ಜಿಲ್ಲೆ. ಎಂದೋ ದಂಗೆ ಎದ್ದ ತಪ್ಪಿಗೆ ಪ್ರತಿವರ್ಷ ಪ್ರತಿ ಜಿಲ್ಲೆಯಿಂದ 12ರಿಂದ 18 ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. 24 ಮಕ್ಕಳಲ್ಲಿ ಒಬ್ಬರೇ ಉಳಿಯುವವರೆಗೆ ಕಾದಾಟ, ಟಿವಿಯಲ್ಲಿ ನೇರಪ್ರಸಾರ.

ಘೋರವೇ. ಆದರೆ ಆಡಳಿತ ನೋಡಿ. ಹೇಳಿದ ದಿನ, ಹೇಳಿದ ಹೊತ್ತಿಗೆ ಚೀಟಿ ಎತ್ತುತ್ತಾರೆ. ಅರ್ಜಿ ಇಲ್ಲ, ಜೆರಾಕ್ಸ್ ಇಲ್ಲ, ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಸೋಮವಾರ ಬನ್ನಿ’ ಇಲ್ಲ. ಆಯ್ಕೆಯಾದವರಿಗೆ ಅಂದೇ ರೈಲು, ಗಂಟೆಗೆ 250 ಮೈಲಿ ವೇಗ. ದಿನ ತುಂಬುವುದರೊಳಗೆ ರಾಜಧಾನಿ. ನಮ್ಮ ಕಡೆ ಚಾಮರಾಜನಗರದಿಂದ ಸತ್ಯಮಂಗಲದ ಮೇಲೆ ಮೆಟ್ಟುಪಾಳಯಕ್ಕೆ ರೈಲು ಬಿಡುವ ಮಾತು ಅಜ್ಜಂದಿರ ಕಾಲದಿಂದ ಇದೆ. ಕಾಡು ಅಡ್ಡ ಬಂತು, ರೈಲು ಕಾಗದದಲ್ಲೇ ನಿಂತಿತು. ನಮ್ಮ ಮಕ್ಕಳನ್ನು ಬಲಿ ಕೊಡಬೇಕೆಂದರೂ ಮೊದಲು ದಿಂಬಂ ಘಟ್ಟದ 27 ತಿರುವುಗಳಲ್ಲಿ ಬಸ್ಸಿಳಿಸಬೇಕು. ಅರ್ಧಕ್ಕರ್ಧ ವಾಂತಿ ಮಾಡಿಕೊಂಡು ಸ್ಪರ್ಧೆಗೆ ಅನರ್ಹರಾಗುತ್ತಾರೆ.

ಪನೆಮ್ಮಿನ ಜನರಿಗೆ ತಮ್ಮ ರಾಜಧಾನಿ ಯಾವುದೆಂಬ ಖಾತ್ರಿಯೂ ಇದೆ. ನಮಗೆ ಅದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಮರುವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಈಗ ನಮ್ಮ ಜಿಲ್ಲೆ ಈರೋಡು, ನೂರು ಕಿಲೋಮೀಟರಿಗೂ ಆಚೆ. ಎಂಪಿ ನೀಲಗಿರಿಯವರು. ಎಂಎಲ್ಎ ಭವಾನಿಸಾಗರದವರು. ಸಂತೆ, ಸಂಬಂಧ ಚಾಮರಾಜನಗರದ ಕಡೆ. ಟಿವಿ ಬೆಂಗಳೂರಿನದು. ಯಾರ ವಿರುದ್ಧ ದಂಗೆ ಏಳಬೇಕೆಂದು ತೀರ್ಮಾನಿಸುವುದಕ್ಕೇ ನಮಗೆ ಒಂದು ಆಯೋಗ ಬೇಕು.

ಇಷ್ಟಾದರೂ ಕಾದಂಬರಿ ಕಳಪೆಯಲ್ಲ. ಕಾಲಿನ್ಸ್‌ಗೆ ಬೇಲಿ ಗೊತ್ತು. ಹನ್ನೆರಡನೇ ಜಿಲ್ಲೆಯ ಸುತ್ತ ದಿನದ 24 ಗಂಟೆಯೂ ಕರೆಂಟು ಹರಿಯಬೇಕಾದ ಬೇಲಿ. ಊರಿಗೆ ಸಂಜೆ ಎರಡು ಮೂರು ಗಂಟೆ ಕರೆಂಟು ಸಿಕ್ಕರೆ ಪುಣ್ಯ. ಹದಿನಾರರ ನಾಯಕಿ ಕ್ಯಾಟ್ನಿಸ್ ಗುಂಯ್‌ಗುಡುವ ಸದ್ದಿದೆಯೇ ಎಂದು ಕಿವಿಗೊಟ್ಟು ಕೇಳಿ, ಇಲ್ಲವೆಂದಾದ ಮೇಲೆ ತಂತಿಯಡಿ ನುಸುಳಿ ಬೇಟೆಗೆ ಹೋಗುತ್ತಾಳೆ. ಸೋಲಾರ್ ಬೇಲಿ ಕಂಡ ಯಾವ ರೈತನಾದರೂ ಈ ಪುಟಕ್ಕೆ ತಲೆದೂಗಬೇಕು. ಒಂದೇ ವ್ಯತ್ಯಾಸ, ನಮ್ಮಲ್ಲಿ ನುಸುಳುವುದು ಆಚೆಯಿಂದ ಈಚೆಗೆ. ದಂತಕ್ಕೆ ಶಾಕ್ ಹೊಡೆಯದು ಎಂದು ಕಲಿತ ಆನೆ ದಂತದಲ್ಲೇ ತಂತಿ ಕೀಳುತ್ತದೆ. ಇನ್ನೊಂದು ಆನೆ ಮರವನ್ನೇ ತಂತಿಯ ಮೇಲೆ ಕೆಡವಿ, ಅದನ್ನು ತುಳಿದುಕೊಂಡು ಮುಸುಕಿನ ಜೋಳಕ್ಕೆ ಇಳಿಯುತ್ತದೆ. ಹಾಗೆ ಬರುತ್ತಿದ್ದ, ಜನರ ಜೀವಕ್ಕೂ ಕುತ್ತು ತಂದಿದ್ದ ಕರುಪ್ಪನ್ ಎಂಬ ಆನೆಯನ್ನು 2023ರ ಏಪ್ರಿಲ್‌ನಲ್ಲಿ ಹಿಡಿಯುವುದಕ್ಕೆ ಪಳಗಿದ ಕುಮ್ಕಿ ಆನೆ, ಡಾಕ್ಟರು, ಅರಿವಳಿಕೆ, ಲಾರಿ ಎಲ್ಲ ಬಂದವು. ಸರ್ಕಾರದ ಇಷ್ಟು ಇಲಾಖೆಗಳು ಒಟ್ಟಿಗೆ ಬೆಟ್ಟ ಹತ್ತಿದ್ದು ರೈತನೊಬ್ಬನ ಅರ್ಜಿಗಂತೂ ಅಲ್ಲ.

ಕಾಲಿನ್ಸ್‌ಗೆ ಹಸಿವೂ ಗೊತ್ತು. ಒಬ್ಬರಿಗೆ ವರ್ಷಕ್ಕಾಗುವಷ್ಟು ಒಂದಿಷ್ಟು ಕಾಳು, ಎಣ್ಣೆ ಬೇಕಾದರೆ ಮಕ್ಕಳು ತಮ್ಮ ಹೆಸರಿನ ಇನ್ನೊಂದು ಚೀಟಿ ಹಾಕಿಸಬೇಕು. ಹೀಗೆ ಕ್ಯಾಟ್ನಿಸ್ ಹೆಸರಿನವು 20, ಅವಳ ಗೆಳೆಯ ಗೇಲ್‌ನವು 42. ಬಡವನ ಹೆಸರು ಯಾವ ಪಟ್ಟಿಯಲ್ಲಿ ಪದೇಪದೇ ಬರುತ್ತದೆ ಎಂದು ಬಲ್ಲ ಲೇಖಕಿ ಈಕೆ. ಬೇಕರಿಯ ಹುಡುಗ ಪೀಟಾ ತಾಯಿಯಿಂದ ಹೊಡೆಸಿಕೊಂಡು ಹಸಿದ ಕ್ಯಾಟ್ನಿಸ್‌ಳತ್ತ ಸುಟ್ಟ ಬ್ರೆಡ್ಡು ಎಸೆಯುವ ಪುಟವೊಂದೇ ಸಾಕು. ಉಂಡ ಋಣ ಎಷ್ಟು ಭಾರ ಎಂಬುದನ್ನು ಅಲ್ಲಿ ಅನುಭವಿಸಬಹುದು.

ಇನ್ನು ದೋಷಗಳು. ಪ್ರೇಮದ ತ್ರಿಕೋನವನ್ನು ಬಿಟ್ಟುಬಿಡೋಣ, ಅದು ಪ್ರಕಾಶಕರ ಪಾಲು. ನಾಯಕಿಯ ಕೈಗೆ ಅಂಟುವ ರಕ್ತವೆಲ್ಲ ಹೆಚ್ಚೂಕಮ್ಮಿ ಕೆಟ್ಟ ಹುಡುಗರದೇ ಆಗುವಂತೆ ಕಥೆ ನೋಡಿಕೊಳ್ಳುತ್ತದೆ. ಒಳ್ಳೆಯವರನ್ನು ಬೇರೆ ಯಾರಾದರೂ ಕೊಂದು ಪುಣ್ಯ ಕಟ್ಟಿಕೊಳ್ಳುತ್ತಾರೆ. ಇದು ಸಣ್ಣ ಮೋಸವಲ್ಲ.

ಅದಕ್ಕಿಂತ ದೊಡ್ಡದು, ಹನ್ನೆರಡು ಜಿಲ್ಲೆಗೂ ಒಂದೇ ಭಾಷೆ! ರಾಜಧಾನಿಯವರ ಉಚ್ಚಾರ ಒಂದಿಷ್ಟು ವಕ್ರವಂತೆ, ಅಷ್ಟೇ. ಭಾಷೆಯ ಜಗಳವಿಲ್ಲದ ದೇಶವನ್ನು ನರಕ ಎಂದು ಕರೆಯುವುದಕ್ಕೆ ಅಮೆರಿಕದವರಿಗೆ ಮಾತ್ರ ಧೈರ್ಯ ಬಂದೀತು. ತಮಿಳುನಾಡು 2006ರಲ್ಲಿ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿತು. ಹತ್ತನೇ ತರಗತಿಯ ತಮಿಳು ಪರೀಕ್ಷೆಯಿಂದ ವಿನಾಯಿತಿ ಕೇಳಿಕೊಂಡು ಭಾಷಾ ಅಲ್ಪಸಂಖ್ಯಾತರು ಮತ್ತೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು, 2023ರಲ್ಲಿ ಸುಪ್ರೀಂ ಕೋರ್ಟಿನವರೆಗೆ. ಇತ್ತ ಬೆಂಗಳೂರು ನವೆಂಬರ್ ತಿಂಗಳಲ್ಲಿ ‘ಗಡಿನಾಡ ಕನ್ನಡಿಗ’ರನ್ನು ನೆನೆದು ಶಾಲು ಹೊದಿಸಿಕೊಳ್ಳುತ್ತದೆ, ತನಗೆ ತಾನೇ. ತಾಳವಾಡಿಯಲ್ಲಿ ಚೀಟಿ ಎತ್ತಿದರೆ ಏನಾಗುತ್ತದೆ ಗೊತ್ತೆ? ತಮಿಳು ಲಿಪಿಯಲ್ಲಿ ಬರೆದ ‘ಭಾಗ್ಯ’ಳನ್ನು ಅಧಿಕಾರಿ ‘ಪಾಕ್ಯಾ’ ಎಂದು ಮೂರು ಸಲ ಕೂಗುತ್ತಾನೆ. ಅಂಥವಳು ಊರಿನಲ್ಲೇ ಇಲ್ಲ ಎಂದು ಪಟೇಲರು ಕೈಮುಗಿಯುತ್ತಾರೆ. ಹುಡುಗಿ ಬಚಾವು, ಕಾದಂಬರಿ ಎರಡನೇ ಅಧ್ಯಾಯಕ್ಕೇ ಮುಗಿಯಿತು.

ಆಮೇಲೆ ನಗು. ಕುಡುಕ ಹೇಮಿಚ್, ರಾಜಧಾನಿಯ ಬಿಂಕದ ಎಫಿ ಆಗಾಗ ನಗಿಸಿದರೂ ಬಡ ಜಿಲ್ಲೆಯ ಜನ ಒಟ್ಟಿಗೆ ಸೇರಿ ದೊರೆಯನ್ನು ಆಡಿಕೊಂಡು ನಗುವುದೇ ಇಲ್ಲ. ಇದನ್ನು ನಂಬಲಾರೆ. ನಮ್ಮ ಗುಮಟಾಪುರದಲ್ಲಿ ಬಲಿಪಾಡ್ಯಮಿ ಕಳೆದ ಮರುದಿನ ಗೊರೆಹಬ್ಬ. ಚಾಡಿಕೋರನ ವೇಷದವನನ್ನು ಮೆರೆಸಿ, ಬಾಯಿಗೆ ಬಂದಂತೆ ಬೈದು, ಗುಡ್ಡೆ ಹಾಕಿದ ಸೆಗಣಿಯಲ್ಲಿ ಗಂಡಸರೆಲ್ಲ ಬಡಿದಾಡುತ್ತಾರೆ. ನೋಡುವುದಕ್ಕೆ ಜನ, ತೆಗೆಯುವುದಕ್ಕೆ ಕ್ಯಾಮರಾ, ಎಲ್ಲ ಇದೆ. ಕೊನೆಗೆ ಎಲ್ಲರೂ ಜೀವಂತವಾಗಿ ಸ್ನಾನಕ್ಕೆ ಹೋಗುತ್ತಾರೆ. ಇಂಥದ್ದೊಂದು ಹಬ್ಬವಿದ್ದಿದ್ದರೆ ಪನೆಮ್ಮಿನ ಅಧ್ಯಕ್ಷ ಸ್ನೋ ಮೊದಲ ಸಂಪುಟದಲ್ಲೇ ಬೀಳುತ್ತಿದ್ದ. ಎರಡು, ಮೂರನೇ ಸಂಪುಟಗಳ ದುಡ್ಡು ಓದುಗರಿಗೆ ಉಳಿಯುತ್ತಿತ್ತು.

ಆದರೆ ನನ್ನ ಮುಖ್ಯ ತಕರಾರು ಬೇರೆ. ದುಷ್ಟ ರಾಜಧಾನಿ ಹಗಲೂ ರಾತ್ರಿ ಮೂಲೆಯ ಜಿಲ್ಲೆಗಳನ್ನೇ ದಿಟ್ಟಿಸಿಕೊಂಡು ಕೂತಿರುತ್ತದೆ ಎಂದು ಕಾಲಿನ್ಸ್ ಭಾವಿಸಿದ್ದಾರೆ. ಅಷ್ಟು ಪುರಸೊತ್ತು ಯಾವ ರಾಜಧಾನಿಗಿದೆ? ನಮ್ಮನ್ನು ಹಾಗೆ ನೋಡಿದ್ದು ಒಂದೇ ಸಲ. 2000ದ ಜುಲೈ 30ರ ರಾತ್ರಿ ತಾಳವಾಡಿ ಬಳಿಯ ಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ದಂತಚೋರ ವೀರಪ್ಪನ್ ಕಾಡಿಗೆ ಕರೆದೊಯ್ದಾಗ, 108 ದಿನ ಚೆನ್ನೈಯೂ ಬೆಂಗಳೂರೂ ರೆಪ್ಪೆ ಮಿಟುಕಿಸಲಿಲ್ಲ. ಕಾಡಿನಿಂದ ಕ್ಯಾಸೆಟ್ ಬಂದರೆ ಎರಡು ಸರ್ಕಾರಗಳು ಎದ್ದು ಕೂರುತ್ತಿದ್ದವು. ನವೆಂಬರ್ 15ಕ್ಕೆ ಅಣ್ಣಾವ್ರಿಗೆ ಬಿಡುಗಡೆಯಾಯಿತು, ಕ್ಯಾಮರಾಗಳಿಗೂ ಆಯಿತು. ತಾಳವಾಡಿ ಭೂಪಟದ ಮಡಿಕೆಗೆ ವಾಪಸಾಯಿತು.

2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟು ದಿಂಬಂ ರಸ್ತೆಯ ರಾತ್ರಿ ಸಂಚಾರ ನಿರ್ಬಂಧವನ್ನು ಜಾರಿ ಮಾಡಿಸಿದಾಗ ಇನ್ನೊಮ್ಮೆ ಸುದ್ದಿಯಾದೆವು. ಚಕ್ರಕ್ಕೆ ಸಿಕ್ಕು ಸಾಯುತ್ತಿದ್ದ ಚಿರತೆ, ಜಿಂಕೆಗಳ ಪರವಾಗಿ ಆದ ಆದೇಶ. ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಕೋಸು ತುಂಬಿದ ಲಾರಿ ಚೆಕ್‌ಪೋಸ್ಟಿನಲ್ಲಿ ಬೆಳಗಾಗುವುದನ್ನು ಕಾಯುವಾಗ ಮೇಲಿನ ಎಲೆ ಬಾಡುವುದನ್ನು, ಮರುದಿನ ಮಂಡಿಯಲ್ಲಿ ಅದನ್ನು ಕಿತ್ತೆಸೆದು ತೂಕ ಹಾಕುವುದನ್ನು ಯಾರೂ ನೇರಪ್ರಸಾರ ಮಾಡುವುದಿಲ್ಲ. ನರಕಕ್ಕೆ ಟಿಆರ್‌ಪಿ ಬೇಕು, ಬಾಡಿದ ಕೋಸಿಗೆ ಅದಿಲ್ಲ.

ಕನ್ನಡದಲ್ಲಿ ಹದಿಹರೆಯದವರಿಗೆ ಇಂಥ ಕಾದಂಬರಿ ಬರೆಯಲು ಹೊರಟವರಲ್ಲಿ ಒಂದು ಬಿನ್ನಹ. ಇನ್ನೂರು ವರ್ಷದಾಚೆಯ ಬೆಂಗಳೂರು, ಅಲ್ಲೊಂದು ಗಾಜಿನ ಗೋಪುರ, ರೋಬೋ ಪೊಲೀಸು, ಇವೆಲ್ಲ ಬೇಡ. ತಾಳವಾಡಿಗೆ ಬಂದು ವಾರ ಇರಿ, ತಾಲ್ಲೂಕು ಕಚೇರಿಯಲ್ಲಿ ಒಂದು ಅರ್ಜಿ ಹಾಕಿ, ಅದರ ಹಿಂದೆ ಓಡಾಡಿ. ಕೊಯಮತ್ತೂರು ಕಡೆಯಿಂದ ಬರುವವರು ಮಾತ್ರ ಕತ್ತಲಾಗುವ ಮೊದಲೇ ಘಟ್ಟದ ಬುಡದ ಬಣ್ಣಾರಿ ಚೆಕ್‌ಪೋಸ್ಟು ದಾಟಿಬಿಡಿ.