ಟವೆಲ್ ಹೊದ್ದ ಕುರ್ಚಿಗೊಂದು ಬಹಿರಂಗ ಪತ್ರ

ಮಾನ್ಯ ಕುರ್ಚಿಯವರೇ,

ಸಾಷ್ಟಾಂಗ ನಮಸ್ಕಾರ. ಸಾಹೇಬರಿಗೇ ಬರೆಯಬೇಕು ಅಂತಿದ್ದೆ. ಆದರೆ ಆರು ಸಲ ಬಂದರೂ ಅವರ ದರ್ಶನವಾಗಿಲ್ಲ, ಪ್ರತಿ ಸಲ ಸಿಕ್ಕಿದ್ದು ತಾವೇ. ಬೆನ್ನಿಗೆ ಬಿಳಿ ಟವೆಲ್ ಹೊದ್ದು, ತಲೆಯ ಮೇಲೆ ಫ್ಯಾನು ತಿರುಗಿಸಿಕೊಂಡು ವಿರಾಜಮಾನರಾಗಿರುತ್ತೀರಿ. ಇವತ್ತು ಬೆಳಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರವರೆಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡು ಕೂತಿದ್ದೆವಲ್ಲ, ಆ ಸಲಿಗೆಯ ಮೇಲೆ ಈ ಪತ್ರ. ಟವೆಲ್ ಬದಲಾಗಿದ್ದು ಗಮನಿಸಿದೆ. ಕಚೇರಿಯಲ್ಲಿ ಯಾರೋ ಒಬ್ಬರು ಕೆಲಸ ಮಾಡುತ್ತಿದ್ದಾರೆ ಅಂತ ಸಮಾಧಾನವಾಯಿತು.

ನಾನು ಐಟಿಐನಲ್ಲಿ ಲೇತ್ ಕಲಿಸಿ ನಿವೃತ್ತನಾದವನು. ತಪ್ಪು ಮಾಡಿ ಒಳಗಿದ್ದು ಊರಿಗೆ ಮರಳುವ ಹುಡುಗರ ಜೊತೆ ನಿಲ್ಲಲು ಸ್ವಯಂಸೇವಕರು ಬೇಕು ಅಂತ ತಮ್ಮ ಕಚೇರಿಯವರು ಅಂದರು. ಮನೆಯಲ್ಲಿ ಕೂತು ಪೇಪರ್ ಮಡಚುವುದಕ್ಕಿಂತ ವಾಸಿ ಅಂತ ಅರ್ಜಿ ಹಾಕಿದೆ. ಪೊಲೀಸರಿಂದ ನಡತೆ ಪ್ರಮಾಣಪತ್ರ ತನ್ನಿ ಅಂದರು. ಕೇಳಲೇಬೇಕು, ಮಕ್ಕಳ ಹತ್ತಿರ ಯಾರನ್ನೆಂದರೆ ಅವರನ್ನು ಬಿಡಲಾಗದು. ತಂದುಕೊಟ್ಟೆ, ಕಳೆದುಹೋಯಿತು. ಮತ್ತೆ ತಂದೆ, ತಮ್ಮ ಎದುರಿನ ಮೇಜಿನ ಮೇಲೆ ಮಲಗಿದ್ದಲ್ಲೇ ಅದರ ಅವಧಿ ಮುಗಿಯಿತಂತೆ. ಇವತ್ತು ಮೂರನೆಯದ್ದು ಕೇಳಿದ್ದಾರೆ. ಅರವತ್ತೆರಡಕ್ಕೆ ನನ್ನ ನಡತೆ ಆರು ತಿಂಗಳಿಗೊಮ್ಮೆ ಕೆಡುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಸ್ವಯಂಸೇವಕನೆಂಬ ನನ್ನ ಗುರುತಿನ ಚೀಟಿ ಬರಲಿಲ್ಲ, ಹುಡುಗ ಬಂದುಬಿಟ್ಟ. ಹದಿನೆಂಟು ತುಂಬಿ ವಿಶೇಷ ಗೃಹದಿಂದ ಹೊರಬಿದ್ದವನನ್ನು ತಾಯಿಯೇ ನಮ್ಮ ಮನೆಗೆ ಕರೆತಂದರು. ಹೆಸರು ಹೇಳುವಂತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಪಿಂಚಣಿದಾರನಿಗೆ ಎರಡೂ ತಾಳುವುದಿಲ್ಲ.

ಮೊದಲ ದಿನ ಹೋಟೆಲಿಗೆ ಕರೆದುಕೊಂಡು ಹೋದೆ. ದೋಸೆ ತಿಂದು ಮುಗಿಸಿದವನೇ ತಟ್ಟೆ ಹಿಡಿದು ಎದ್ದು ನಿಂತ. "ಎಲ್ಲಿ ತೊಳೀಬೇಕು ಸಾರ್?" ಪಕ್ಕದ ಟೇಬಲಿನವರು ನಕ್ಕರು. ನನ್ನ ಕಾಫಿ ಆರಿಹೋಯಿತು.

ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟೆ. ಮೂರು ಭಾನುವಾರದಲ್ಲಿ ಓದಲು ಕಲಿತ, ನಾಲ್ಕನೆಯ ಭಾನುವಾರ ನನ್ನ ಅಳತೆಯಲ್ಲೇ ತಪ್ಪು ಹಿಡಿದ. ಪರಿಚಯದವರ ವರ್ಕ್‌ಶಾಪಿಗೆ ಸೇರಿಸಿದೆ. ಗಣಪತಿ ಹಬ್ಬದ ಮುಂಚಿನ ವಾರ ಇಬ್ಬರು ಪೇದೆಗಳು ಬೈಕಿನಲ್ಲಿ ಬಂದು, ಕೆಲಸದವರೆಲ್ಲರ ಎದುರು, "ಆ ಕೇಸಿನ ಹುಡುಗ ಇಲ್ಲೇ ಇದಾನಾ?" ಅಂದರು. ಏನೂ ಇಲ್ಲ, ಹಬ್ಬ ಅಲ್ವಾ, ಸುಮ್ನೆ ವಿಚಾರಿಸಿದ್ವಿ ಅಂತ ಹೊರಟೂ ಹೋದರು. ಮರುದಿನ ಮಾಲೀಕ ಲೆಕ್ಕ ಚುಕ್ತಾ ಮಾಡಿ "ಹಬ್ಬ ಮುಗೀಲಿ, ನೋಡೋಣ" ಅಂದ. ಗಣಪತಿ ನೀರಿಗೆ ಹೋದ, ದೀಪಾವಳಿಯೂ ಕಳೆಯಿತು. ಮಾಲೀಕ ಇನ್ನೂ ನೋಡುತ್ತಲೇ ಇದ್ದಾನೆ.

ಕುರ್ಚಿಯವರೇ, ಇಲ್ಲಿಂದ ಮುಂದೆ ತಮಾಷೆ ಬರುತ್ತಿಲ್ಲ, ಮೈ ಉರಿಯುತ್ತಿದೆ. ಅದೇ 74ನೇ ಕಲಮಿನಲ್ಲೇ ಇದೆ: ಪ್ರಕರಣ ಮುಗಿದ ಮೇಲೆ ಮಗುವಿನ ಹಳೆಯ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿಯೂ ಹೊರಗೆ ಹೇಳುವಂತಿಲ್ಲ. ಹಾಗಿದ್ದ ಮೇಲೆ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಕೂಗುವ ಅಧಿಕಾರ ಯಾರು ಕೊಟ್ಟರು? ಬಾಯಿ ಮುಚ್ಚಿಕೊಂಡಿರಬೇಕಾದ ಅವನ ಕಡತ ಬೈಕ್ ಹತ್ತಿ ಊರು ಸುತ್ತುತ್ತದೆ. ನನ್ನ ಕಡತ ಈ ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಆರು ತಿಂಗಳು ಸಾಲಲಿಲ್ಲ. ಸಂಸ್ಥೆ ಬಿಟ್ಟ ಇಂಥವರಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಅನುಪಾಲನಾ ನೆರವಿದೆ. ಆ ಅರ್ಜಿಯೂ ತಮ್ಮ ಸನ್ನಿಧಿಯಲ್ಲೇ ನಿದ್ದೆ ಮಾಡುತ್ತಿದೆ, ಅದಕ್ಕೂ ಒಂದು ಟವೆಲ್ ಹೊದಿಸಿ.

ಕಳೆದ ಭಾನುವಾರ ಹುಡುಗ ಕೇಳಿದ, "ಸಾರ್, ಮುಂದಿನ ವರ್ಷ ಗಣಪತಿ ಯಾವತ್ತು?"

"ಯಾಕಪ್ಪಾ?"

"ಅವತ್ತು ಊರಲ್ಲಿರಲ್ಲ ಸಾರ್."

ಉತ್ತರ ನನ್ನ ಹತ್ತಿರ ಇರಲಿಲ್ಲ. ತಮ್ಮ ಹತ್ತಿರ ಇದ್ದರೆ, ಸಾಹೇಬರು ಎಂದಾದರೂ ತಮ್ಮ ಮೇಲೆ ಕೂತಾಗ ಅವರ ಕಿವಿಗೆ ಹಾಕಿ. ಮೂರನೆಯ ಪ್ರಮಾಣಪತ್ರವನ್ನೂ ತರುತ್ತೇನೆ. ನಾಲ್ಕನೆಯದ್ದು ಮಾತ್ರ ಕೇಳಬೇಡಿ, ಅಷ್ಟು ಹೊತ್ತಿಗೆ ನನ್ನ ನಡತೆ ನಿಜಕ್ಕೂ ಕೆಟ್ಟಿರುತ್ತದೆ.

ಓದುಗರಲ್ಲಿ ಯಾರಿಗಾದರೂ ವರ್ಕ್‌ಶಾಪ್ ಇದ್ದರೆ ಒಂದು ಮಾತು. ಅಳತೆ ತಪ್ಪದ ಹುಡುಗನೊಬ್ಬ ಕೆಲಸಕ್ಕೆ ಸಿಗುತ್ತಾನೆ. ಪೇದೆ ಬಂದು ಕೇಳಿದರೆ, "ಹೌದು, ನಮ್ಮ ಹುಡುಗ, ಏನೀಗ?" ಅನ್ನುವಷ್ಟು ಗಂಟಲು ನಿಮಗಿರಬೇಕು, ಅಷ್ಟೇ.

ಇಂತಿ,
ಗುರುತಿನ ಚೀಟಿ ಇಲ್ಲದ ಸ್ವಯಂಸೇವಕ