120 ವೋಲ್ಟಿನ ಸಂಸಾರ

ಅಮೆರಿಕದಿಂದ ಸಂಸಾರ ಸಮೇತ ಬೆಂಗಳೂರಿಗೆ ಮರಳಿ ಮನೆ ಹೂಡುವವರನ್ನು ಕಂಡರೆ ನನಗೆ ಎದ್ದುನಿಂತು ಕೈಮುಗಿಯುವಷ್ಟು ಗೌರವ. ತಾಯ್ನಾಡಿನ ಸೆಳೆತ, ವಯಸ್ಸಾದ ಅಪ್ಪ ಅಮ್ಮ, ಮಕ್ಕಳ ಬಾಯಲ್ಲಿ ಒಂದಿಷ್ಟು ಕನ್ನಡ ಆಡಲಿ ಎಂಬ ಆಸೆ, ಇವೆಲ್ಲ ದೊಡ್ಡ ಮಾತುಗಳೇ. ನಾನು ಕೈಮುಗಿಯುವುದು ಅದಕ್ಕಲ್ಲ. ಅಮೆರಿಕದ ಕರೆಂಟು 120 ವೋಲ್ಟು, ನಮ್ಮದು 230 ಎಂದು ಚೆನ್ನಾಗಿ ಗೊತ್ತಿದ್ದೂ ಮಿಕ್ಸಿ, ಟೋಸ್ಟರು, ಕಾಫಿ ಮೇಕರು, ಮೈಕ್ರೋವೇವು ಯಾವುದನ್ನೂ ನಡುನೀರಿನಲ್ಲಿ ಕೈಬಿಡದೆ ಕಂಟೈನರಿಗೆ ತುಂಬಿ, ನ್ಯೂಜೆರ್ಸಿಯಿಂದ ಚೆನ್ನೈ ಬಂದರಿಗೆ, ಅಲ್ಲಿಂದ ಲಾರಿಯಲ್ಲಿ ಜೆ.ಪಿ. ನಗರಕ್ಕೆ ತರುತ್ತಾರಲ್ಲ, ಆ ನಿಷ್ಠೆಗೆ.

ಸರ್ಕಾರಕ್ಕೂ ಈ ನಿಷ್ಠೆಯ ಬೆಲೆ ತಿಳಿದಿದೆ. ವರ್ಷಗಟ್ಟಲೆ ಹೊರಗಿದ್ದು ಬರುವವರ ಬಳಸಿದ ಮನೆಸಾಮಾನಿಗೆ ಕಸ್ಟಮ್ಸ್ ಸುಂಕದಲ್ಲಿ ರಿಯಾಯಿತಿ ಕೊಡುತ್ತದೆ. ಏನೇನು ತಂದಿದ್ದೇವೆ, ಎಷ್ಟರದ್ದು ಎಂದು ಪಟ್ಟಿ ಬರೆದು ಸಹಿ ಹಾಕಿದರಾಯಿತು. ಮದುವೆಯ ದಿನ ನೆನಪಿಲ್ಲದ ಗಂಡಸರಿಗೂ ಟೋಸ್ಟರ್ ಕೊಂಡ ತಿಂಗಳು ಬಾಯಿತುದಿಯಲ್ಲೇ ಇರುತ್ತದೆ.

ನಮ್ಮ ಬೀದಿಗೆ ಹೀಗೆ ಬಂದ ಮನೆಯೊಂದಿದೆ. ಅಡುಗೆಮನೆಯ ಮೂಲೆಯಲ್ಲಿ ಮಣೆಯ ಮೇಲೆ ಒಂದು ಟ್ರಾನ್ಸ್‌ಫಾರ್ಮರು. ಒಬ್ಬರೇ ಎತ್ತಲಾಗದಂಥ ಕಬ್ಬಿಣದ ಡಬ್ಬ, ಸದಾ ಗುಂಯ್ ಎನ್ನುತ್ತಿರುತ್ತದೆ. ಕಳೆದ ಆಯುಧಪೂಜೆಗೆ ಹಚ್ಚಿದ ಕುಂಕುಮ ಅದರ ಹಣೆಯ ಮೇಲೆ ಹಾಗೇ ಇದೆ. ದೋಸೆಗೆ ಉದ್ದು ನೆನೆದ ದಿನ ಮೊದಲು ಇದರ ಸ್ವಿಚ್ಚು ಒತ್ತಿ, ಗುಂಯ್‌ಕಾರ ಒಂದು ಹದಕ್ಕೆ ಬಂದಮೇಲೆ ಮಿಕ್ಸಿಯ ಸ್ವಿಚ್ಚು ಒತ್ತಬೇಕು. ಸ್ಮೂದಿಗೆಂದು ಹುಟ್ಟಿದ ಯಂತ್ರ ಉದ್ದಿನಬೇಳೆಯನ್ನು ಕಂಡು ಎರಡು ಸುತ್ತು ತಿರುಗಿ, ಸುಟ್ಟ ವಾಸನೆ ಬಿಟ್ಟು, ಮೌನಕ್ಕೆ ಜಾರುತ್ತದೆ. ಮನೆಯವರು ಬೇಸರಿಸುವುದಿಲ್ಲ. ಆಗೆಲ್ಲ ಪಕ್ಕದ ಮನೆಯ ಗ್ರೈಂಡರು ಇದ್ದೇ ಇದೆ, ಹೀಗೆ ನೆರೆಹೊರೆಯ ಬಾಂಧವ್ಯ ಬೆಳೆಯುತ್ತದೆ. ಇಂಥ ಬಾಂಧವ್ಯಕ್ಕಾಗಿಯೇ ಅಲ್ಲವೇ ಅವರು ಅಲ್ಲಿಂದ ಬಂದದ್ದು?

ಒಮ್ಮೆ ಎಲೆಕ್ಟ್ರಿಷಿಯನ್ ಬಂದಿದ್ದ. ಡಬ್ಬವನ್ನು ಮುಟ್ಟಿ ನೋಡಿ, ‘ಸಾರ್, ಇದ್ರ ದುಡ್ಡಲ್ಲಿ ಎರಡು ಹೊಸ ಮಿಕ್ಸಿ ಬರ್ತಿತ್ತಲ್ಲ’ ಅಂದ. ಯಜಮಾನರು ಕನಿಕರದಿಂದ ನಕ್ಕು, ‘ಇದು ಕ್ವಾಲಿಟಿ ಕಣಪ್ಪ’ ಅಂದರು. ಅವನು ತಲೆಯಾಡಿಸಿ ಫ್ಯೂಸ್ ಬದಲಿಸಿ ಹೋದ. ಅವನಿಗೇನು ಗೊತ್ತು!

ಆದರೆ ಈ ಮನೆಯ ಕಿರೀಟವೆಂದರೆ ಮೈಕ್ರೋವೇವಿನ ಗಡಿಯಾರ. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಮುಟ್ಟುವುದಿಲ್ಲ. ಅಲ್ಲಿ ಕರೆಂಟು ಸೆಕೆಂಡಿಗೆ 60 ಸಲ ಮಿಡಿದರೆ ಇಲ್ಲಿ 50 ಸಲ. ಆ ಮಿಡಿತವನ್ನೇ ಎಣಿಸಿ ನಡೆಯುವ ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬೆಳಿಗ್ಗೆ ಆರಕ್ಕೆ ಸರಿ ಮಾಡಿಟ್ಟರೆ ಸಂಜೆ ಆರಕ್ಕೆ ನಾಲ್ಕು ತೋರಿಸುತ್ತದೆ. ಆರು ದಿನ ಸುಮ್ಮನೆ ಬಿಟ್ಟರೆ ಇಡೀ ಒಂದು ದಿನ ಉಳಿತಾಯ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ಕಳೆದುಕೊಳ್ಳುವ ಹೊತ್ತನ್ನು ಮನೆಯಲ್ಲೇ ಕೂತು ವಾಪಸು ಪಡೆಯುವ ಇಂಥ ಉಪಾಯ ಬೆಂಗಳೂರಿನಲ್ಲೇ ಇದ್ದ ನಮಗೆ ಹೊಳೆದಿರಲಿಲ್ಲ.

ಮಂಚದ ವಿಷಯವನ್ನೂ ಹೇಳಬೇಕು. ಅಮೆರಿಕದ ಕಿಂಗ್ ಸೈಜಿನ ಹಾಸಿಗೆ 76 ಇಂಚು ಅಗಲ, 80 ಇಂಚು ಉದ್ದ. ಲಿಫ್ಟಿಗೆ ಹಿಡಿಸಲಿಲ್ಲ, ಮೆಟ್ಟಿಲಿನ ತಿರುವು ಒಪ್ಪಲಿಲ್ಲ, ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡರು. ಬೀದಿಗೆ ಬೀದಿಯೇ ನಿಂತು ನೋಡಿತು. ಇಲ್ಲಿ ಸಿಗುವ ಕಿಂಗ್ ಸೈಜಿನ ಹಾಸಿಗೆ ಸಾಮಾನ್ಯವಾಗಿ 72 ಇಂಚಿನದು, ಹೊದಿಕೆಗಳೂ ಅದರ ಅಳತೆಗೇ. ಹೀಗಾಗಿ ಆ ಮನೆಯಲ್ಲಿ ದಿನವೂ ಒಂದು ಮೂಲೆ ಬಿಚ್ಚಿಕೊಳ್ಳುತ್ತದೆ, ದಿನವೂ ಗಂಡ ಹೆಂಡತಿ ಸೇರಿ ಎಳೆದು ಸಿಕ್ಕಿಸುತ್ತಾರೆ. ದಾಂಪತ್ಯ ಗಟ್ಟಿಯಾಗಲು ಇನ್ನೇನು ಬೇಕು?

ಬಂದ ಸಾಮಾನಿನಲ್ಲೆಲ್ಲ ಒಂದು ತಕರಾರಿಲ್ಲದೆ ದುಡಿಯುತ್ತಿರುವುದು ಐದು ಲೀಟರಿನ ಪ್ರೆಷರ್ ಕುಕ್ಕರು. ಅದು ಹೋಗುವಾಗ ಜಯನಗರ ನಾಲ್ಕನೇ ಬ್ಲಾಕಿನಿಂದ ಕೊಂಡೊಯ್ದದ್ದು. ಅದನ್ನು ಯಾರಿಗೂ ತೋರಿಸುವುದಿಲ್ಲ.

ಈಗ ಎಡಿಸನ್ನಿನಲ್ಲೋ ಫ್ರೀಮಾಂಟಿನಲ್ಲೋ ಪೆಟ್ಟಿಗೆ ಕಟ್ಟುತ್ತಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಯಾರೋ ಹೇಳಿದರೆಂದು ಅಲ್ಲೇ ಮಾರಿ ಬರಬೇಡಿ. ವ್ಯಾಫಲ್ ಮೇಕರು ಬರಲಿ, ಸ್ನೋ ಬ್ಲೋಯರೂ ಬರಲಿ. ಬೆಂಗಳೂರಿನಲ್ಲಿ ಮುಂದೆ ಏನು ಬೀಳುತ್ತದೋ ಹೇಳಲಾಗದು. ಸ್ವಿಚ್ ಒತ್ತುವ ಮುನ್ನ ಮಾತ್ರ ನಮಗೊಂದು ಮಾತು ತಿಳಿಸಿ, ಎಲ್ಲರೂ ಬಂದು ನೋಡುತ್ತೇವೆ.